ಪವರ್ ಪ್ರೆಸ್ ಶಾಪಿನಲ್ಲಿ ಬೆರಳು ಕಾಯುವುದು: ಮಾಲೀಕರ ಹೊಣೆ, ಕಾರ್ಮಿಕರ ಹೊಣೆ

ಪೀಣ್ಯದ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದೆರಡು ಪ್ರೆಸ್ ಶಾಪು ಕಣ್ಣಿಗೆ ಬೀಳುತ್ತವೆ. ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆಗಳಲ್ಲೂ ಇದೇ ಕೆಲಸ: ಶೀಟಿನಿಂದ ವಾಷರ್, ಕ್ಲ್ಯಾಂಪು, ಬ್ರಾಕೆಟ್ಟು ಹೊಡೆಯುವುದು. ಹತ್ತಿಪ್ಪತ್ತು ಜನ, ಏಳೆಂಟು ಪ್ರೆಸ್, ಒಂದು ಶಿಯರಿಂಗ್ ಮಷೀನು, ಮೂಲೆಯಲ್ಲಿ ಒಂದು ಡ್ರಿಲ್ಲು. ಸುರಕ್ಷತಾ ಅಧಿಕಾರಿ ಇರುವುದಿಲ್ಲ, ಸುರಕ್ಷತಾ ಸಮಿತಿಯೂ ಇರುವುದಿಲ್ಲ. ಇಂಥ ಶಾಪು ನಡೆಸುವವರು ಮತ್ತು ಅಲ್ಲಿ ಕೆಲಸ ಮಾಡುವವರು ತಮ್ಮ ತಮ್ಮ ಹೊಣೆಯನ್ನು ಯಂತ್ರದ ಮುಂದೆ ನಿಂತು ಹೇಗೆ ನೆರವೇರಿಸಬೇಕು ಎಂಬುದು ಈ ಬರಹದ ವಿಷಯ.

ಪ್ರೆಸ್ಸಿನಲ್ಲಿ ಬೆರಳು ಹೋದಾಗ ಮೊದಲು ಕೇಳಿಬರುವ ಮಾತು 'ಹುಡುಗನ ಗಮನ ಬೇರೆಲ್ಲೋ ಇತ್ತು' ಎಂಬುದು. ಒಂದು ಪಾಳಿಯಲ್ಲಿ ಸಾವಿರಾರು ಪೀಸು ಹೊಡೆಯುವ ಮನುಷ್ಯನ ಗಮನ ಒಮ್ಮೆಯಾದರೂ ತಪ್ಪಿಯೇ ತಪ್ಪುತ್ತದೆ. ಆ ಒಂದು ಸಲ ಕೈ ಡೈ (ಪೀಸಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಗಲು ದಾರಿ ಇತ್ತೇ ಎಂದು ಕೇಳಬೇಕು. ದಾರಿ ಮುಚ್ಚುವುದು ಮಾಲೀಕರ ಕೆಲಸ. ಮುಚ್ಚಿದ ದಾರಿಯನ್ನು ಬಿಚ್ಚದಿರುವುದು ಕಾರ್ಮಿಕರ ಕೆಲಸ. ಈ ಅನುಕ್ರಮ ತಲೆಕೆಳಗಾದರೆ ಗೋಡೆಯ ಮೇಲೆ 'ಸುರಕ್ಷತೆಯೇ ಮೊದಲು' ಎಂಬ ಬೋರ್ಡು ಮಾತ್ರ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ

1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿರುವುದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ. ಇದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು, ಸಂಹಿತೆಯಲ್ಲಿ ಆ ಸಂಖ್ಯೆ 20. 'ಹಾಗಾದರೆ ನಮ್ಮ ಹದಿನಾಲ್ಕು ಜನರ ಶಾಪಿಗೆ ಏನೂ ಅನ್ವಯಿಸುವುದಿಲ್ಲ' ಎಂದು ಎಷ್ಟೋ ಮಾಲೀಕರು ಅಂದುಕೊಂಡಿದ್ದಾರೆ. ಅದು ತಪ್ಪು. ಉದ್ಯೋಗದಾತರ ಸಾಮಾನ್ಯ ಹೊಣೆಗಳು 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೂ ಅನ್ವಯಿಸುತ್ತವೆ.

ಗಾಯ ಅಥವಾ ರೋಗ ತರುವ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿಡುವುದು, ನಿಗದಿಪಡಿಸಿದ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವುದು, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡುವುದು ಈ ಹೊಣೆಗಳಲ್ಲಿ ಸೇರಿವೆ. ಸುರಕ್ಷತೆಗಾಗಿ ಕೊಟ್ಟ ಯಾವುದಕ್ಕೂ ನೌಕರರಿಂದ ಹಣ ಪಡೆಯುವಂತಿಲ್ಲ. ಶೂ, ಕನ್ನಡಕ, ಇಯರ್ ಪ್ಲಗ್ಗಿನ ದುಡ್ಡನ್ನು ಸಂಬಳದಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ.

ಹೊಣೆ ತಪ್ಪಿದ್ದರಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಗಂಭೀರ ಗಾಯವಾದರೆ ಒಂದು ವರ್ಷದವರೆಗೆ ಜೈಲು, ಅಥವಾ 2ರಿಂದ 4 ಲಕ್ಷದವರೆಗೆ ದಂಡ, ಅಥವಾ ಎರಡೂ. ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಗಾಯಾಳುವಿಗೋ ಮೃತರ ವಾರಸುದಾರರಿಗೋ ಕೊಡುವಂತೆ ನ್ಯಾಯಾಲಯ ಹೇಳಬಹುದು.

ಮೊದಲ ಹೆಜ್ಜೆ: ಯಾವ ಪ್ರೆಸ್ಸಿನಲ್ಲಿ ಯಾವ ಕ್ಲಚ್ ಇದೆ, ಪಟ್ಟಿ ಮಾಡಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರೆಸ್ಸಿಗೂ ಒಂದು ಪುಟ ಮೀಸಲಿಡಿ. ಟನ್ನೇಜು (ಪ್ರೆಸ್ಸಿನ ಬಲ), ನಿಮಿಷಕ್ಕೆ ಎಷ್ಟು ಸ್ಟ್ರೋಕು (ಹೊಡೆತ), ಪೆಡಲ್ಲೋ ಬಟನ್ನೋ ಎಂಬುದೆಲ್ಲ ಅದರಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಕ್ಲಚ್ ಯಾವ ಬಗೆಯದು ಎಂದು ಬರೆಯಿರಿ. ಮುಂದಿನ ಎಲ್ಲ ತೀರ್ಮಾನಗಳೂ ಅದನ್ನೇ ಅವಲಂಬಿಸಿವೆ.

ಹಳೆಯ 'ಸಿ' ಫ್ರೇಮ್ ಪ್ರೆಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ರೋಲಿಂಗ್ ಕೀ ಅಥವಾ ಪಿನ್ ಕ್ಲಚ್. ಇದರ ಗುಣ ಏನೆಂದರೆ, ಒಮ್ಮೆ ಕೀ (ಫ್ಲೈವೀಲನ್ನೂ ಕ್ರ್ಯಾಂಕನ್ನೂ ಕೂಡಿಸುವ ಬೆಣೆ) ಸಿಕ್ಕಿಕೊಂಡರೆ ಕ್ರ್ಯಾಂಕು ಒಂದು ಪೂರ್ತಿ ಸುತ್ತು ತಿರುಗಿಯೇ ತೀರುತ್ತದೆ. ಅರ್ಧ ದಾರಿಯಲ್ಲಿರುವ, ಮೇಲಿಂದ ಬಂದು ಹೊಡೆಯುವ ಭಾಗವಾದ ರ‍್ಯಾಮನ್ನು ತಡೆಯಲು ಯಾವ ಸ್ವಿಚ್ಚಿಗೂ ಸಾಧ್ಯವಿಲ್ಲ, ಎಮರ್ಜೆನ್ಸಿ ಬಟನ್ ಒತ್ತಿದರೂ ಫ್ಲೈವೀಲಿನಲ್ಲಿ (ಮೋಟಾರು ತಿರುಗಿಸುವ ಭಾರದ ಚಕ್ರ) ತುಂಬಿರುವ ಶಕ್ತಿ ಸ್ಟ್ರೋಕನ್ನು ಮುಗಿಸುತ್ತದೆ. ಗಾಳಿ ಒತ್ತಡದ ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್ ಮತ್ತು ಹೈಡ್ರಾಲಿಕ್ ಪ್ರೆಸ್ ಹಾಗಲ್ಲ, ಅವನ್ನು ಯಾವ ಹಂತದಲ್ಲಾದರೂ ನಿಲ್ಲಿಸಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಉಂಟು. ಕೀ ಕ್ಲಚ್ ಪ್ರೆಸ್ಸಿಗೆ ಲೈಟ್ ಕರ್ಟನ್ ಸೆನ್ಸರ್ (ಬೆಳಕಿನ ಕಿರಣಗಳ ಪರದೆ) ಹಾಕಿಸಿ 'ಈಗ ಸೇಫು' ಎಂದು ನಿಶ್ಚಿಂತರಾದವರು ಬಹಳ. ಕೈ ಅಡ್ಡ ಬಂದದ್ದನ್ನು ಸೆನ್ಸರ್ ಗುರುತಿಸುತ್ತದೆ ನಿಜ, ಆದರೆ ಆಗ ಅದು ಹೇಳಿದ್ದನ್ನು ಕೇಳಿ ನಡುವೆ ನಿಲ್ಲಲು ಪ್ರೆಸ್ಸಿಗೆ ಸಾಧ್ಯವಿಲ್ಲ. ಆ ಸೆನ್ಸರ್ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಆಪರೇಟರ್ ಅದನ್ನು ನಂಬಿ ಧೈರ್ಯವಾಗಿ ಕೈ ಹಾಕುತ್ತಾನೆ.

ಎರಡನೇ ಹೆಜ್ಜೆ: ಗಾರ್ಡ್ ಕಟ್ಟುವುದು

ಕೀ ಕ್ಲಚ್ ಪ್ರೆಸ್ಸಿಗೆ ಮೊದಲ ಆಯ್ಕೆ ಡೈ ಸುತ್ತ ಬೋಲ್ಟ್ ಹಾಕಿ ಬಿಗಿದ ಸ್ಥಿರ ಗಾರ್ಡ್. ಸ್ಟ್ರಿಪ್ಪು ಹಾಯಿಸುವ ಬ್ಲ್ಯಾಂಕಿಂಗ್ (ಆಕಾರ ಕತ್ತರಿಸುವುದು), ಪಿಯರ್ಸಿಂಗ್ (ತೂತು ಹೊಡೆಯುವುದು) ಕೆಲಸಗಳಿಗೆಲ್ಲ ಇದು ಸಾಕು. ಸ್ಟ್ರಿಪ್ಪಿಗೆ ಬೇಕಾದಷ್ಟೇ ಸೀಳು ಬಿಟ್ಟು ಉಳಿದದ್ದೆಲ್ಲ ಮುಚ್ಚಿರಬೇಕು.

ಸೀಳು ಎಷ್ಟು ಅಗಲವಿದ್ದರೆ ಬೆರಳು ಎಷ್ಟು ಒಳಗೆ ಹೋಗುತ್ತದೆ ಎಂಬುದಕ್ಕೆ ಐಎಸ್‌ಒ 13857 ಮಾನದಂಡದಲ್ಲಿ ಲೆಕ್ಕವಿದೆ. ಸೀಳು 6 ಮಿ.ಮೀ. ಒಳಗಿದ್ದರೆ ಗಾರ್ಡು ಅಪಾಯದ ಜಾಗದಿಂದ ಕನಿಷ್ಠ 10 ಮಿ.ಮೀ. ದೂರವಿರಬೇಕು. 8 ಮಿ.ಮೀ.ವರೆಗಿನ ಸೀಳಿಗೆ 20 ಮಿ.ಮೀ., 10ರವರೆಗೆ 80, 12ರವರೆಗೆ 100, 20ರವರೆಗೆ 120 ಮಿ.ಮೀ. 20 ದಾಟಿ 30ರವರೆಗೆ ಹೋದರೆ ಬೇಕಾದ ದೂರ ಒಮ್ಮೆಗೇ 850 ಮಿ.ಮೀ.ಗೆ ಜಿಗಿಯುತ್ತದೆ, ಏಕೆಂದರೆ ಅಷ್ಟು ಸಂದಿಯಲ್ಲಿ ಹಸ್ತ ನುಸುಳಿ ಇಡೀ ತೋಳೇ ಒಳಗೆ ಹೋಗುತ್ತದೆ. 'ಹೇಗೂ ಒಂದಿಂಚು ಬಿಟ್ಟಿದ್ದೇವೆ, ಶೀಟು ಸರಾಗವಾಗಿ ಹೋಗಲಿ ಅಂತ' ಎಂಬ ಮಾತು ಕೇಳಿದರೆ ಈ 850 ನೆನಪಿರಲಿ. 2 ಮಿ.ಮೀ. ಶೀಟಿಗೆ 6 ಮಿ.ಮೀ. ಸೀಳು ಧಾರಾಳ. ಸ್ಟ್ರಿಪ್ಪು ತಡೆದು ನಿಲ್ಲುತ್ತಿದ್ದರೆ ಸೀಳಿನ ಬಾಯನ್ನು ಹೊರಮುಖವಾಗಿ ಇಳಿಜಾರು ಮಾಡಿ, ಅಗಲ ಮಾಡಬೇಡಿ.

ಗಾರ್ಡಿಗೆ ತಗಡು ಬಡಿದರೆ ಆಪರೇಟರಿಗೆ ಡೈ ಕಾಣುವುದಿಲ್ಲ. ಕಾಣದ ಗಾರ್ಡು ವಾರದೊಳಗೆ ಮೂಲೆ ಸೇರುತ್ತದೆ. 5–6 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಹಾಕಿ, ಅಥವಾ ಲಂಬವಾಗಿ ನಿಲ್ಲಿಸಿದ ಸರಳುಗಳಿಂದ ಕಟ್ಟಿ. ಅಡ್ಡ ಸರಳು ಕಣ್ಣಿಗೆ ಹೆಚ್ಚು ಅಡ್ಡಿ, ಲಂಬ ಸರಳು ಕಡಿಮೆ. ಅಕ್ರಿಲಿಕ್ ಬೇಡ, ಅದು ಒಡೆದರೆ ಚೂರು ಕಣ್ಣಿಗೆ ಹಾರುತ್ತದೆ. ಕೈಯಲ್ಲೇ ತಿರುಗಿಸಿ ಬಿಚ್ಚುವ ಚಿಟ್ಟೆ ನಟ್ಟು ಹಾಕಬೇಡಿ, ಅಲೆನ್ ಬೋಲ್ಟ್ ಹಾಕಿ ಕೀಲಿಯನ್ನು ಡೈ ಸೆಟ್ಟರ್ (ಡೈ ಕಟ್ಟುವವನು) ಹತ್ತಿರ ಮಾತ್ರ ಇಡಿ. ಬೇರೆ ಬೇರೆ ಡೈಗಳಿಗೆ ಬೇರೆ ಬೇರೆ ಗಾರ್ಡು ಬೇಕಾಗುತ್ತದೆ. ಡೈ ಜೊತೆಗೇ ಗಾರ್ಡನ್ನು ಜೋಡಿಸಿಟ್ಟರೆ ರ‍್ಯಾಕಿನಿಂದ ಡೈ ಇಳಿದಾಗ ಗಾರ್ಡೂ ಇಳಿಯುತ್ತದೆ. ಹೊಸ ಡೈ ಮಾಡಿಸುವಾಗ ಟೂಲ್ ರೂಮಿಗೆ ಕೊಡುವ ಡ್ರಾಯಿಂಗಿನಲ್ಲೇ ಗಾರ್ಡು ಸೇರಿಸಿದರೆ ಮುಕ್ಕಾಲು ಪಾಲು ಜಗಳ ಮುಗಿಯಿತು.

ತೊಂದರೆ ಶುರುವಾಗುವುದು ಬೆಂಡಿಂಗ್, ಫಾರ್ಮಿಂಗ್‌ನಂಥ ಎರಡನೇ ಆಪರೇಷನ್‌ಗಳಲ್ಲಿ. ಅಲ್ಲಿ ಒಂದೊಂದೇ ಪೀಸನ್ನು ಡೈ ಒಳಗಿಟ್ಟು ತೆಗೆಯಬೇಕು. ಬೆರಳು ಹೆಚ್ಚಾಗಿ ಹೋಗುವುದೂ ಅಲ್ಲೇ. ಪೀಸು ಒಳಗೆ ಹೋಗಬೇಕು, ಕೈ ಹೋಗಬಾರದು. ಇದಕ್ಕೆ ಅಗ್ಗದ ಉಪಾಯಗಳಿವೆ. ಹೊರಗೆ ಎಳೆದು ಪೀಸಿಟ್ಟು ಒಳಗೆ ತಳ್ಳುವ ಡ್ರಾಯರ್ ಮಾದರಿಯ ಸ್ಲೈಡು, ಮೇಲಿಂದ ಜಾರಿ ಬೀಳುವ ಚ್ಯೂಟು, ತಳ್ಳುಗೋಲು ಇವೆಲ್ಲ ನಿಮ್ಮ ಶಾಪಿನಲ್ಲೇ ಮಾಡಿಕೊಳ್ಳಬಹುದಾದವು. ಹೊಡೆದ ಪೀಸು ಹೊರಬರಲು ಗಾಳಿ ಊದುವ ನಳಿಕೆ, ಅಥವಾ ಡೈ ಒಳಗೇ ಸ್ಪ್ರಿಂಗ್ ಎಜೆಕ್ಟರ್ ಇಡಬಹುದು. 'ಸಿ' ಫ್ರೇಮ್ ಪ್ರೆಸ್ಸನ್ನು ಹಿಂದಕ್ಕೆ ವಾಲಿಸಿದರೆ ಪೀಸು ತಾನೇ ಹಿಂದೆ ಜಾರುತ್ತದೆ.

ಇಕ್ಕಳ, ಮ್ಯಾಗ್ನೆಟ್ ಕೋಲು, ಸಕ್ಷನ್ ಕಪ್ಪು ಇವು ಗಾರ್ಡಿನ ಜೊತೆಗೆ ಬಳಸುವ ಸಾಧನಗಳು, ಗಾರ್ಡಿನ ಬದಲಿಗಲ್ಲ. ಇಕ್ಕಳ ಅಲ್ಯೂಮಿನಿಯಮ್ಮಿನದಿರಲಿ. ಗಟ್ಟಿ ಉಕ್ಕಿನ ಇಕ್ಕಳ ಪಂಚ್ ಕೆಳಗೆ ಸಿಕ್ಕರೆ ಡೈ ಒಡೆದು ಚೂರು ಹಾರುತ್ತದೆ. ಆ ಭಯಕ್ಕೇ ಆಪರೇಟರ್ ಇಕ್ಕಳ ಬಿಟ್ಟು ಕೈ ಹಾಕುತ್ತಾನೆ.

ಎರಡು ಬಟನ್‌ಗಳ ಲೆಕ್ಕ

ಎರಡೂ ಕೈಯಿಂದ ಒಟ್ಟಿಗೆ ಒತ್ತುವ ಬಟನ್‌ಗಳನ್ನು ಹಾಕಿಸಿದರೆ ಸಾಕೆಂದು ಹಲವರು ಹೇಳುತ್ತಾರೆ. ಎಷ್ಟು ದೂರದಲ್ಲಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಬಟನ್ ಬಿಟ್ಟ ಕೈ ಡೈ ತಲುಪುವಷ್ಟರಲ್ಲಿ ರ‍್ಯಾಮು ಕೆಳಗೆ ಬಂದು ಮುಟ್ಟಿರಬೇಕು, ಬಟನ್ನಿನ ದೂರ ನಿರ್ಧಾರವಾಗುವುದು ಇದರಿಂದ. ಕೈಯ ವೇಗವನ್ನು ಸೆಕೆಂಡಿಗೆ 1600 ಮಿ.ಮೀ. ಎಂದು ಹಿಡಿಯುವುದು ರೂಢಿ.

ಕೀ ಕ್ಲಚ್ಚಿನಲ್ಲಿ ಬಟನ್ ಒತ್ತಿದ ಕೂಡಲೇ ಕೀ ಸಿಕ್ಕಿಕೊಳ್ಳುವುದಿಲ್ಲ. ಫ್ಲೈವೀಲಿನಲ್ಲಿರುವ ಮುಂದಿನ ಕಚ್ಚು ಬರುವವರೆಗೆ ಅದು ಕಾಯಬೇಕು. ಆಮೇಲೆ ರ‍್ಯಾಮು ಇಳಿಯಲು ಅರ್ಧ ಸುತ್ತು. ಆದ್ದರಿಂದ ಅತಿ ಕೆಟ್ಟ ಸಂದರ್ಭದ ಸಮಯ = (1/2 + 1/ಕಚ್ಚುಗಳ ಸಂಖ್ಯೆ) × ಒಂದು ಸುತ್ತಿನ ಸಮಯ.

ನಿಮಿಷಕ್ಕೆ 60 ಸ್ಟ್ರೋಕು, ಮೂರು ಕಚ್ಚು ಇರುವ ಪ್ರೆಸ್ಸನ್ನು ತೆಗೆದುಕೊಳ್ಳಿ. ಒಂದು ಸುತ್ತಿಗೆ 1 ಸೆಕೆಂಡು. ಲೆಕ್ಕ ಹಾಕಿದರೆ ಸುಮಾರು 0.83 ಸೆಕೆಂಡು ಬರುತ್ತದೆ. 1600ರಿಂದ ಗುಣಿಸಿದರೆ 1333 ಮಿ.ಮೀ. ಅಂದರೆ ಬಟನ್ ಡೈಯಿಂದ ಸುಮಾರು ಒಂದೂವರೆ ಗಜ ದೂರ ಇರಬೇಕು! ಅಷ್ಟು ದೂರ ಹೋಗಿ ಒತ್ತಿ ಬಂದು ಯಾರೂ ಕೆಲಸ ಮಾಡುವುದಿಲ್ಲ. ಅದೇ ಪ್ರೆಸ್ 120 ಸ್ಟ್ರೋಕಿನದಾದರೆ 667 ಮಿ.ಮೀ. ಸಾಕು. ನಿಧಾನವಾಗಿ ಓಡುವ ಪ್ರೆಸ್ಸೇ ಸುರಕ್ಷಿತ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ನಿಧಾನದ ಕೀ ಕ್ಲಚ್ ಪ್ರೆಸ್ಸಿಗೆ ಎರಡು ಬಟನ್ ವ್ಯವಸ್ಥೆ ಹೊಂದುವುದಿಲ್ಲ, ಸ್ಥಿರ ಗಾರ್ಡೇ ಗತಿ.

ಫ್ರಿಕ್ಷನ್ ಕ್ಲಚ್ ಪ್ರೆಸ್ಸಿಗೆ ಲೈಟ್ ಕರ್ಟನ್ ಹೊಂದುತ್ತದೆ. ಕಿರಣ ತುಂಡಾದಾಗಿನಿಂದ ರ‍್ಯಾಮು ನಿಲ್ಲುವವರೆಗಿನ ಒಟ್ಟು ಸಮಯವನ್ನು ಅಳೆಸಿ. ಅದು 0.2 ಸೆಕೆಂಡು ಇದ್ದು, 14 ಮಿ.ಮೀ. ಸೂಕ್ಷ್ಮತೆಯ (ಅಷ್ಟು ದಪ್ಪದ ವಸ್ತುವನ್ನೂ ಗುರುತಿಸುವ) ಕರ್ಟನ್ ಆದರೆ, ಕಡಿಮೆ ದೂರಕ್ಕೆ ಬಳಸುವ ಸೆಕೆಂಡಿಗೆ 2000 ಮಿ.ಮೀ. ಲೆಕ್ಕದಲ್ಲಿ ಕರ್ಟನ್ ಡೈಯಿಂದ 400 ಮಿ.ಮೀ. ದೂರ ಇರಬೇಕು. ಬ್ರೇಕ್ ಲೈನಿಂಗ್ ಸವೆದಂತೆ ನಿಲ್ಲುವ ಸಮಯ ಹೆಚ್ಚುತ್ತದೆ, ಹಾಗಾಗಿ ಅಳತೆಯನ್ನು ಆಗಾಗ ಮತ್ತೆ ಮಾಡಿಸಬೇಕು. ಪ್ರೆಸ್ಸಿನ ಮುಂದೆ ಇಬ್ಬರು ಕೆಲಸ ಮಾಡುವುದಾದರೆ ಇಬ್ಬರಿಗೂ ಬೇರೆ ಬೇರೆ ಜೋಡಿ ಬಟನ್ ಬೇಕು. ಹೆಲ್ಪರನ ಕೈಯನ್ನು ಆಪರೇಟರನ ಬಟನ್ ಕಾಯುವುದಿಲ್ಲ.

ಪಾಳಿ ಶುರುವಿನ ಪರೀಕ್ಷೆ: ಡಬಲ್ ಸ್ಟ್ರೋಕ್

ಪೆಡಲ್ ಒಮ್ಮೆ ಒತ್ತಿದರೆ ರ‍್ಯಾಮು ಎರಡು ಸಲ ಬೀಳುವುದೇ ಡಬಲ್ ಸ್ಟ್ರೋಕ್. ಮೊದಲ ಹೊಡೆತ ಮುಗಿಯಿತೆಂದು ಪೀಸು ತೆಗೆಯಲು ಕೈ ಹಾಕಿದಾಗ ಎರಡನೆಯದು ಬೀಳುತ್ತದೆ. ಇದಕ್ಕೆ ಕಾರಣಗಳು ಬೆರಳೆಣಿಕೆಯಷ್ಟೇ: ಕೀಯ ಮೂಲೆ ಸವೆದಿರುವುದು, ಕೀಯನ್ನು ವಾಪಸ್ ತರುವ ಸ್ಪ್ರಿಂಗು ಮುರಿದಿರುವುದು, ಲ್ಯಾಚಿನ (ಕೀಯನ್ನು ತಡೆಹಿಡಿಯುವ ಕೊಂಡಿ) ಅಂಚು ದುಂಡಗಾಗಿರುವುದು, ಬ್ರೇಕ್ ಸಡಿಲವಾಗಿ ಕ್ರ್ಯಾಂಕು ಮೇಲಿನ ಬಿಂದು ದಾಟಿ ಹೋಗುವುದು, ಒಂದೇ ಹೊಡೆತಕ್ಕೆ ನಿಲ್ಲಿಸುವ ಸಿಂಗಲ್ ಸ್ಟ್ರೋಕ್ ಸಾಧನವನ್ನು ಬಿಚ್ಚಿಟ್ಟಿರುವುದು.

ಪ್ರತಿ ಪಾಳಿಯ ಶುರುವಿನಲ್ಲಿ, ಡೈ ಒಳಗೆ ಏನೂ ಇಲ್ಲದೆ, ಕೈ ಹತ್ತಿರವೂ ಸುಳಿಯದೆ, ಪೆಡಲ್ಲನ್ನು ಒತ್ತಿ ಹಾಗೇ ಹಿಡಿದುಕೊಳ್ಳಿ. ರ‍್ಯಾಮು ಒಂದೇ ಸಲ ಬಂದು ಮೇಲೆ ನಿಲ್ಲಬೇಕು. ಹತ್ತು ಸಲ ಹೀಗೆ ಮಾಡಿ. ಹತ್ತರಲ್ಲಿ ಒಮ್ಮೆ ಎರಡು ಬಿದ್ದರೂ ಆ ಪ್ರೆಸ್ಸಿಗೆ ಬೀಗ. 'ಒಂದೇ ಸಲ ತಾನೇ, ಮತ್ತೆ ಬರಲಿಲ್ಲ' ಎಂದು ಓಡಿಸುವುದು ಅತ್ಯಂತ ಅಪಾಯದ ಮಾತು, ಸವೆದ ಕೀ ಆಗೊಮ್ಮೆ ಈಗೊಮ್ಮೆ ಮಾತ್ರ ಡಬಲ್ ಹೊಡೆಯುತ್ತದೆ.

ಬ್ರೇಕ್ ನೋಡಲು ಚಾಕ್‌ಪೀಸು ಸಾಕು. ರ‍್ಯಾಮು ಮೇಲೆ ನಿಂತಾಗ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲೂ ಫ್ರೇಮಿನಲ್ಲೂ ಎದುರುಬದುರು ಗೆರೆ ಎಳೆಯಿರಿ. ಸ್ಟ್ರೋಕಿನ ನಂತರ ಗೆರೆಗಳು ಮತ್ತೆ ಕೂಡಬೇಕು. ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿದ್ದರೆ ಲೈನಿಂಗಿಗೆ ಎಣ್ಣೆ ಬಿದ್ದಿದೆ ಅಥವಾ ಸವೆದಿದೆ. ಸುಮ್ಮನೆ ಬ್ರೇಕ್ ಬಿಗಿ ಮಾಡಿದರೆ ಅದು ಕಾದು ಮತ್ತಷ್ಟು ಬೇಗ ಸವೆಯುತ್ತದೆ. ಮೊದಲು ಎಣ್ಣೆ ಎಲ್ಲಿಂದ ಸೋರುತ್ತಿದೆ ನೋಡಿ. ಸ್ಪ್ರಿಂಗು ಬದಲಾಯಿಸುವಾಗ ಎಳೆಯುವ ಸ್ಪ್ರಿಂಗಿನ ಬದಲು, ರಾಡಿನ ಮೇಲೆ ಕೂರುವ ಅಮುಕುವ ಸ್ಪ್ರಿಂಗು ಹಾಕಿಸಿ. ಎಳೆಯುವ ಸ್ಪ್ರಿಂಗು ಮುರಿದರೆ ಕೀಯನ್ನು ವಾಪಸ್ ತರುವ ಅದರ ಕೆಲಸ ಅಲ್ಲೇ ನಿಲ್ಲುತ್ತದೆ, ಅಮುಕುವ ಸ್ಪ್ರಿಂಗು ಮುರಿದರೂ ತುಂಡುಗಳು ಒಂದರ ಮೇಲೊಂದು ಕೂತು ಕೀಯನ್ನು ತಳ್ಳುತ್ತಿರುತ್ತವೆ.

ಪೆಡಲ್ಲಿಗೆ ಮೂರೂ ಕಡೆ ಮತ್ತು ಮೇಲ್ಗಡೆ ಮುಚ್ಚಳ ಇರಬೇಕು. ಜಾರಿದ ಪೀಸು ಪೆಡಲ್ ಮೇಲೆ ಬಿದ್ದರೂ ಸ್ಟ್ರೋಕು ಬೀಳುತ್ತದೆ.

ಕರೆಂಟ್ ಹೋದಾಗ ಎರಡು ಅಪಾಯಗಳಿವೆ. ಮೋಟಾರು ನಿಂತರೂ ಫ್ಲೈವೀಲು ತಿರುಗುತ್ತಲೇ ಇರುತ್ತದೆ, ಆಗ ಪೆಡಲ್ ತಾಕಿದರೆ ಒಂದು ಪೂರ್ತಿ ಸ್ಟ್ರೋಕಿಗೆ ಬೇಕಾದ ಶಕ್ತಿ ಅದರಲ್ಲಿ ಇದ್ದೇ ಇರುತ್ತದೆ. 'ಹೇಗೂ ಕರೆಂಟಿಲ್ಲ' ಎಂದು ಸಿಕ್ಕಿಕೊಂಡ ಪೀಸು ಬಿಡಿಸಲು ಹೋದಾಗ ಕೈ ಹೋಗುವುದು ಹೀಗೆ. ಎರಡನೆಯದು, ಕರೆಂಟ್ ವಾಪಸ್ ಬಂದ ಕೂಡಲೇ ಮೋಟಾರು ತಾನಾಗಿ ಶುರುವಾಗುವುದು. ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲ್ ಸರಿಯಿದ್ದರೆ ಹಸಿರು ಬಟನ್ ಒತ್ತುವವರೆಗೆ ಶುರುವಾಗುವುದಿಲ್ಲ. ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿಟ್ಟಿದ್ದಾನೆಯೇ ನೋಡಿ.

ಡೈ ಕಟ್ಟುವ ಕ್ರಮ

ಡೈ ಬದಲಾಯಿಸುವಾಗ ಗಾರ್ಡು ಇರುವುದಿಲ್ಲ, ಕೈ ಒಳಗೇ ಇರುತ್ತದೆ. ಈ ಕೆಲಸ ತರಬೇತಾದ ಸೆಟ್ಟರ್ ಒಬ್ಬನದೇ ಆಗಿರಲಿ.

1. ಮೋಟಾರು ಆಫ್ ಮಾಡಿ, ಫ್ಲೈವೀಲು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕೈಯಿಂದಲೋ ಮರದ ತುಂಡಿನಿಂದಲೋ ತಡೆದು ನಿಲ್ಲಿಸಬೇಡಿ.
2. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಬೀಗದ ಕೀ ಸೆಟ್ಟರನ ಜೇಬಿನಲ್ಲಿರಬೇಕು, ಬೇರೆ ಕೀ ಆಫೀಸಿನಲ್ಲಿ ಇರಕೂಡದು. ಬೀಗ ಹಾಕಲು ಬಾರದ ಹಳೆಯ ಸ್ವಿಚ್ಚಾದರೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಸ್ವಿಚ್ಚನ್ನೇ ಬದಲಾಯಿಸಿ.
3. ಸ್ಟಾರ್ಟ್ ಬಟನ್ ಒತ್ತಿ ನೋಡಿ. ಶುರುವಾಗದಿದ್ದರೆ ಸರಿಯಾದ ಸ್ವಿಚ್ಚಿಗೇ ಬೀಗ ಹಾಕಿದ್ದೀರಿ.
4. ಫ್ಲೈವೀಲನ್ನು ಟಾಮಿ ಬಾರಿನಿಂದ (ತೂತಿಗೆ ಸಿಕ್ಕಿಸಿ ತಿರುಗಿಸುವ ಸರಳು) ತಿರುಗಿಸಿ ರ‍್ಯಾಮನ್ನು ತೀರ ಕೆಳಗಿನ ಬಿಂದುವಿಗೆ ತನ್ನಿ. ಅಲ್ಲಿಂದ ಕೆಳಗೆ ಬೀಳಲು ಅದಕ್ಕೆ ಜಾಗವೇ ಇರುವುದಿಲ್ಲ. ಬಾರನ್ನು ಕೂಡಲೇ ಹೊರತೆಗೆಯಿರಿ. ಬಾರು ತೂತಿನಲ್ಲೇ ಉಳಿದಾಗ ಯಾರಾದರೂ ಮೋಟಾರು ಹಾಕಿದರೆ ಅದು ಈಟಿಯಂತೆ ಹಾರುತ್ತದೆ. ಕೈ ಬಿಟ್ಟರೆ ತಾನೇ ಹೊರಬರುವಂತೆ ತುದಿಗೆ ಸ್ಪ್ರಿಂಗು ಇರುವ ಬಾರು ಮಾಡಿಸಿಕೊಳ್ಳಿ.
5. ಡೈ, ಪಂಚ್ ಬಿಗಿಯಿರಿ. ರ‍್ಯಾಮು ಮೇಲೆ ಇಟ್ಟು ಒಳಗೆ ಕೈ ಹಾಕಬೇಕಾದ ಕೆಲಸ ಬಂದರೆ, ಮೊದಲು ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಸೇಫ್ಟಿ ಬ್ಲಾಕ್ ನಿಲ್ಲಿಸಿ. ಕೈಗೆ ಸಿಕ್ಕ ಮರದ ತುಂಡು ನಡೆಯುವುದಿಲ್ಲ. ಬ್ಲಾಕ್ ತಡೆಯುವುದು ರ‍್ಯಾಮಿನ ತೂಕವನ್ನು ಮಾತ್ರ, ಮೋಟಾರಿನ ಬಲವನ್ನಲ್ಲ. ಆದ್ದರಿಂದ ಬ್ಲಾಕಿಗೆ ಸರಪಳಿಯಲ್ಲಿ ಒಂದು ಪ್ಲಗ್ಗು ಕಟ್ಟಿ, ಆ ಪ್ಲಗ್ಗು ತನ್ನ ಸಾಕೆಟ್ಟಿನಲ್ಲಿ ಇಲ್ಲದಿದ್ದರೆ ಮೋಟಾರು ಶುರುವಾಗದಂತೆ ವೈರಿಂಗ್ ಮಾಡಿಸಿ.
6. ಸ್ಪ್ಯಾನರು, ಬಟ್ಟೆ, ಬ್ಲಾಕ್ ಎಲ್ಲ ಹೊರಬಂದವೇ ನೋಡಿ, ಕೈಯಿಂದಲೇ ಒಂದು ಸುತ್ತು ತಿರುಗಿಸಿ. ಗಾರ್ಡು ಬಿಗಿದ ಮೇಲೆಯೇ ಬೀಗ ತೆಗೆಯಿರಿ.
7. ಮೇಲೆ ಹೇಳಿದ ಹತ್ತು ಸ್ಟ್ರೋಕಿನ ಪರೀಕ್ಷೆ ಮಾಡಿ, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿ, ಆಮೇಲೆ ಆಪರೇಟರಿಗೆ ಒಪ್ಪಿಸಿ.

ಕಾರ್ಮಿಕರ ಹೊಣೆ, ಕಾರ್ಮಿಕರ ಹಕ್ಕು

ತನ್ನ ಸುರಕ್ಷತೆಯ ಜೊತೆಗೆ ತನ್ನಿಂದ ತೊಂದರೆಗೆ ಸಿಗಬಹುದಾದವರ ಸುರಕ್ಷತೆಯನ್ನೂ ನೋಡಿಕೊಳ್ಳುವುದು ಸಂಹಿತೆಯ ಪ್ರಕಾರ ನೌಕರರ ಕರ್ತವ್ಯ. ಅಸುರಕ್ಷಿತವಾದದ್ದು ಕಂಡರೆ ತಿಳಿಸಬೇಕು. ಒದಗಿಸಿದ ಸಾಧನವನ್ನು ಬೇಕೆಂದೇ ಕೆಡಿಸಬಾರದು, ಬಿಚ್ಚಬಾರದು. ತಪ್ಪಿದರೆ ನೌಕರರಿಗೂ 10,000 ರೂಪಾಯಿವರೆಗೆ ದಂಡವಿದೆ.

ಪ್ರೆಸ್ಸಿನ ಮುಂದೆ ಇದರ ಅರ್ಥ ಹೀಗೆ. ಎರಡು ಬಟನ್‌ಗಳಲ್ಲಿ ಒಂದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಕೆಲಸ ಮಾಡುವಂತಿಲ್ಲ. ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಪೀಸು ಜೋಡಿಸುವಂತಿಲ್ಲ. ಪ್ರತಿ ಸ್ಟ್ರೋಕಿನ ನಂತರ ಕಾಲು ಪೂರ್ತಿ ಹೊರಗೆ ಬರಬೇಕು. ಸಡಿಲ ತೋಳಿನ ಅಂಗಿ, ಉಂಗುರ, ಕೈದಾರ ಬೇಡ. ಶೀಟು ಎತ್ತುವಾಗ ಕೈಗವಸು ಬೇಕೇ ಬೇಕು, ಆದರೆ ಡ್ರಿಲ್ಲಿನಂಥ ತಿರುಗುವ ಯಂತ್ರದ ಹತ್ತಿರ ಹೋಗುವಾಗ ಅದೇ ಗವಸು ಕೈಯನ್ನು ಎಳೆದುಕೊಂಡು ಸುತ್ತುತ್ತದೆ, ತೆಗೆದಿಡಬೇಕು. ಪ್ರೆಸ್ಸಿನ ಶಬ್ದ ಬದಲಾದದ್ದು ಮೊದಲು ಕೇಳಿಸುವುದು ಆಪರೇಟರಿಗೆ. ಕ್ಲಚ್ ಟಕ್ಕೆಂದು ಬೇರೆ ದನಿ ಮಾಡಿದರೆ, ರ‍್ಯಾಮು ಮೇಲೆ ನಿಲ್ಲುವಾಗ ಕುಲುಕಿದರೆ ಊಟದ ಹೊತ್ತಿನವರೆಗೆ ಕಾಯದೆ ಹೇಳಿ.

ಹಕ್ಕೂ ಇದೆ. ಪ್ರಾಣಕ್ಕೋ ಮೈಗೋ ಈಗಲೇ ಅಪಾಯವಿದೆ ಎಂಬ ಸಕಾರಣ ಭಯವಿದ್ದರೆ ನೌಕರ ಉದ್ಯೋಗದಾತರಿಗೆ ತಿಳಿಸಬಹುದು, ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ (ಸರ್ಕಾರದ ತಪಾಸಣಾಧಿಕಾರಿ) ಅವರ ಗಮನಕ್ಕೂ ತರಬಹುದು. ಅಪಾಯ ನಿಜವೆನಿಸಿದರೆ ಮಾಲೀಕರು ಕೂಡಲೇ ಸರಿಪಡಿಸಬೇಕು. ಇಲ್ಲವೆನಿಸಿದರೆ ವಿಷಯವನ್ನು ಇನ್‌ಸ್ಪೆಕ್ಟರಿಗೇ ಒಪ್ಪಿಸಬೇಕು, ಅವರ ತೀರ್ಮಾನವೇ ಅಂತಿಮ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಬಾಯಲ್ಲಿ ಹೇಳಿದ್ದನ್ನು ವಾಟ್ಸ್ಆ್ಯಪಿನಲ್ಲೂ ಒಂದು ಸಾಲು ಬರೆದು ಫೋಟೊ ಸಮೇತ ಹಾಕಿಡಿ, ದಿನಾಂಕ ತಾನೇ ದಾಖಲಾಗುತ್ತದೆ.

ಇಲ್ಲಿ ಮಾಲೀಕರಿಗೆ ಒಂದು ಮಾತು. ಪೀಸ್ ರೇಟ್ ಕೊಟ್ಟು, ಗಾರ್ಡಿನಿಂದ ಕೆಲಸ ನಿಧಾನವಾಗುವಂತೆ ಇಟ್ಟು, ಆಮೇಲೆ 'ನಾನು ಗಾರ್ಡ್ ಕೊಟ್ಟಿದ್ದೆ, ಅವನೇ ಬಿಚ್ಚಿದ' ಎಂದರೆ ಅದು ನ್ಯಾಯವಲ್ಲ. ಗಾರ್ಡು ಹಾಕಿದ ಮೇಲೆ ಗಂಟೆಗೆ ಎಷ್ಟು ಪೀಸು ಬರುತ್ತದೆ ಎಂದು ಅಳೆದು ರೇಟನ್ನು ಅದಕ್ಕೆ ತಕ್ಕಂತೆ ತಿದ್ದಿ.

ಹೊಸಬರು, ಗುತ್ತಿಗೆಯವರು

ಇಂದು ಬೆಳಗ್ಗೆ ಕಂಟ್ರಾಕ್ಟರ್ ಕರೆತಂದ ಹುಡುಗನನ್ನು ಇಂದೇ ಪ್ರೆಸ್ಸಿಗೆ ಕೂರಿಸಬೇಡಿ. 18 ತುಂಬದವರನ್ನಂತೂ ಪ್ರೆಸ್ಸಿನ ಹತ್ತಿರಕ್ಕೂ ಬಿಡಬೇಡಿ. ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದವರಿಗೆ ಕನ್ನಡದ ಬೋರ್ಡು ಓದಲು ಬರುವುದಿಲ್ಲ. ಅವರ ಭಾಷೆ ಬಲ್ಲ ಹಳೆಯ ಆಪರೇಟರ್ ಒಬ್ಬರನ್ನು ಜೊತೆಗೆ ನಿಲ್ಲಿಸಿ, ಯಂತ್ರದ ಮುಂದೆಯೇ ಹೇಳಿಸಿ. 'ಅರ್ಥ ಆಯ್ತಾ' ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಮಾಡಿ ತೋರಿಸಲು ಹೇಳಿ: ಪ್ರೆಸ್ ನಿಲ್ಲಿಸುವುದು, ಸಿಕ್ಕಿಕೊಂಡ ಪೀಸು ಬಿಡಿಸಲು ಯಾರನ್ನು ಕರೆಯುವುದು, ಗಾರ್ಡು ಸಡಿಲವಾದರೆ ಏನು ಮಾಡುವುದು.

ಉಳಿದವು

ಪ್ರೆಸ್ಸಿನ ಸದ್ದಿಗೆ ಕಿವಿ ನಿಧಾನವಾಗಿ ಹೋಗುತ್ತದೆ. ಒಂದು ತೋಳಿನಷ್ಟು ದೂರದಲ್ಲಿರುವವರೊಂದಿಗೆ ಮಾತಾಡಲು ಕೂಗಬೇಕಾದರೆ ಸದ್ದು 85 ಡೆಸಿಬೆಲ್ ದಾಟಿದೆ ಎಂದುಕೊಳ್ಳಿ. ಪ್ರೆಸ್ಸಿನ ಕಾಲಿಗೆ ರಬ್ಬರ್ ಮೌಂಟು, ಪೀಸು ಬೀಳುವ ತಗಡಿನ ಡಬ್ಬಕ್ಕೆ ರಬ್ಬರ್ ಹಾಳೆ ಹಾಕಿದರೆ ಗದ್ದಲ ಗಮನಾರ್ಹವಾಗಿ ಇಳಿಯುತ್ತದೆ, ಪ್ಲಗ್ಗು ಆಮೇಲಿನದು. ಸದ್ದಿನಿಂದ ಬರುವ ಕಿವುಡು ಕಾನೂನಿನ ಪ್ರಕಾರ ಇಲಾಖೆಗೆ ವರದಿ ಮಾಡಬೇಕಾದ ಔದ್ಯೋಗಿಕ ರೋಗ. ವೈದ್ಯಕೀಯ ತಪಾಸಣೆಯಲ್ಲಿ ಆಡಿಯೋಮೆಟ್ರಿಯನ್ನೂ (ಕಿವಿ ಕೇಳಿಸುವ ಪರೀಕ್ಷೆ) ಸೇರಿಸಿ. ನೆಲದ ಎಣ್ಣೆಗೆ ಮರದ ಪುಡಿ ಹಾಕಿ ಗುಡಿಸಿ, ಕೈಯಲ್ಲಿ ಹಿಡಿಯುವ ಗ್ರೈಂಡರ್, ಡ್ರಿಲ್ಲುಗಳ ಲೈನಿಗೆ ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ.

ಅಪಘಾತವಾದರೆ

ಬೆರಳು ತುಂಡಾದರೆ ಮೊದಲು ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿ. ಅರಿಸಿನ, ಕಾಫಿಪುಡಿ ಹಾಕಬೇಡಿ. ತುಂಡಾದ ಬೆರಳನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿರುವ ಇನ್ನೊಂದು ಚೀಲದಲ್ಲಿಡಿ. ಬೆರಳನ್ನು ನೇರ ಮಂಜುಗಡ್ಡೆಯ ಮೇಲಿಟ್ಟರೆ, ನೀರಿನಲ್ಲಿ ಮುಳುಗಿಸಿದರೆ ಜೀವಕೋಶ ಕೆಡುತ್ತದೆ, ಮರುಜೋಡಣೆಗೆ ಬರುವುದಿಲ್ಲ. ಅಪಘಾತದ ಸಮಯವನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ಬೆರಳು ಮರುಜೋಡಿಸುವ ಆಸ್ಪತ್ರೆ ನಿಮ್ಮ ಶಾಪಿಗೆ ಹತ್ತಿರ ಯಾವುದು ಎಂಬುದನ್ನು ಈಗಲೇ ವಿಚಾರಿಸಿ ಫೋನ್ ನಂಬರನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿರಿ.

ಪ್ರೆಸ್ಸನ್ನು ಹಾಗೇ ಬಿಡಿ. ಮೇನ್ ಆಫ್ ಮಾಡಿ ಬೀಗ ಹಾಕಿ, ಡೈ, ಗಾರ್ಡು, ಪೆಡಲ್ ಇದ್ದ ಸ್ಥಿತಿಯ ಫೋಟೊ ತೆಗೆಯಿರಿ. ಗಾಯಾಳು 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ಸೂಚನೆ ಕೊಡಲೇಬೇಕು. ಸಾವಾದರೆ ಕಾಯದೆ ಕೂಡಲೇ ತಿಳಿಸಬೇಕು. ಇಎಸ್‌ಐಗೆ ಅಪಘಾತದ ವರದಿ ಕೂಡಲೇ ಹೋಗಲಿ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ಸಿಗುತ್ತದೆ. ಗುಣವಾಗುವವರೆಗೆ ಸರಾಸರಿ ಕೂಲಿಯ 90% ಕೊಡುತ್ತಾರೆ. ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ಗಳಿಕೆ ಸಾಮರ್ಥ್ಯದ ನಷ್ಟವನ್ನು ನಿಗದಿ ಮಾಡುತ್ತದೆ. ಪರಿಹಾರದ ಅನುಸೂಚಿಯಲ್ಲಿ ಪೂರ್ತಿ ಹೆಬ್ಬೆರಳಿಗೆ 30%, ಪೂರ್ತಿ ತೋರುಬೆರಳಿಗೆ 14% ಎಂದಿದೆ. ಆಸ್ಪತ್ರೆಯ ಚೀಟಿಯಲ್ಲಿ 'ಮನೆಯಲ್ಲಿ ಬಿದ್ದು ಗಾಯ' ಎಂದು ಬರೆಸಿದರೆ ಇದೆಲ್ಲ ಕೈತಪ್ಪುತ್ತದೆ, ಆದ್ದರಿಂದ ಕೆಲಸದಲ್ಲಿ ಪ್ರೆಸ್ಸಿನಿಂದಾದ ಗಾಯ ಎಂದೇ ಬರೆಸಿ. ಸೌಲಭ್ಯಕ್ಕೆ ಬೇಕಾದ ಇಎಸ್‌ಐ ನಂಬರನ್ನು ಕೆಲಸಕ್ಕೆ ಸೇರಿದ ದಿನವೇ ಮಾಡಿಸಿಡಿ. ಅಪಘಾತವಾದ ಮೇಲೆ ಹಿಂದಿನ ತಾರೀಕು ಹಾಕಿ ನೋಂದಾಯಿಸಲು ಹೋದವರು ಸಿಕ್ಕಿಬೀಳುತ್ತಾರೆ.

ಪ್ರೆಸ್ ಮತ್ತೆ ಓಡಿಸುವ ಮೊದಲು ಕೀ, ಸ್ಪ್ರಿಂಗು, ಲ್ಯಾಚು, ಬ್ರೇಕ್ ನಾಲ್ಕನ್ನೂ ಬಿಚ್ಚಿ ನೋಡಿಸಿ, ಏನು ಸಿಕ್ಕಿತು ಎಂದು ಆ ಪ್ರೆಸ್ಸಿನ ಪುಟದಲ್ಲಿ ಬರೆಸಿ. ಅದೇ ಬಗೆಯ ಕ್ಲಚ್ ಇರುವ ಉಳಿದ ಪ್ರೆಸ್‌ಗಳನ್ನೂ ಅದೇ ದಿನ ನಿಲ್ಲಿಸಿ ಪರೀಕ್ಷಿಸಿ.